ಮೊಣಕಾಲೂರಿ ಕೇಳುವ ಹಾಡು

ನಮ್ಮಲ್ಲಿಗೆ ಹಾಡು ಕೇಳಲು ಬರುವವರಲ್ಲಿ ಅರ್ಧ ಜನ ಒಳಗೆ ಬರುವುದೇ ಇಲ್ಲ. ಬೀದಿಯಲ್ಲೇ ಮೊಣಕಾಲೂರಿ, ತಲೆ ಬಗ್ಗಿಸಿ, ಕಾಲುಹಾದಿಯ ಮಟ್ಟಕ್ಕೇ ಇರುವ ಕಿಟಕಿಯಿಂದ ಇಣುಕುತ್ತಾರೆ. ಒಂದು ಕಾಲದಲ್ಲಿ ನನ್ನಮ್ಮ ಇದೇ ನೆಲಮಾಳಿಗೆಯಲ್ಲಿ ಕೂತು, ಇದೇ ಕಿಟಕಿಯಿಂದ ಸಿಗರೇಟು, ಬಿಯರು, ಸೂರ್ಯಕಾಂತಿ ಬೀಜ ಮಾರುತ್ತಿದ್ದಳು. ಹಳೇ ಕಮ್ಯುನಿಸ್ಟ್ ಸರ್ಕಾರ ಬಿದ್ದು ಕಾರ್ಖಾನೆಗಳು ಬಾಗಿಲು ಹಾಕಿಕೊಂಡ ಮೇಲೆ ನಮ್ಮ ರಾಜಧಾನಿ ಸೋಫಿಯಾದಲ್ಲಿ ಎಷ್ಟೋ ಜನ ಹೊಟ್ಟೆ ಹೊರೆದದ್ದು ಹೀಗೆಯೇ. ಎಂಥಾ ದೊಡ್ಡ ಮನುಷ್ಯನಾದರೂ ಸಿಗರೇಟು ಬೇಕೆಂದರೆ ಅಮ್ಮನ ಮುಂದೆ ಮೊಣಕಾಲೂರಲೇಬೇಕಿತ್ತು. ಆ ಸುಖಕ್ಕಾಗಿಯೇ ಅವಳು ಅಷ್ಟು ವರ್ಷ ಅಂಗಡಿ ಮುಚ್ಚಲಿಲ್ಲ ಅನ್ನುವುದು ನನ್ನ ಅನುಮಾನ.

ಅವಳು ಹೋದ ಮೇಲೆ ನಾನು ಅಂಗಡಿಯ ಕಪಾಟುಗಳನ್ನು ಕಿತ್ತುಹಾಕಿ, ಗೋಡೆಗೆ ಸುಣ್ಣ ಬಳಿದು, 'ಕೊಲ್ಯಾನೊ' ಎಂದು ಹೆಸರಿಟ್ಟೆ. ಮೊಣಕಾಲು ಎಂದರ್ಥ. ಗೋಡೆಯ ಮೇಲೆ ಯಾರದಾದರೂ ಚಿತ್ರಗಳು, ಮೂಲೆಯಲ್ಲಿ ಯಾರದಾದರೂ ಹಾಡು. ಸರ್ಕಾರದ ಗ್ಯಾಲರಿಗಳಲ್ಲಿ ಬಾಗಿಲಿನಿಂದಲೇ ವಾಪಸ್ಸು ಕಳಿಸಿದವರೆಲ್ಲ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಕೆಲವರನ್ನು ವಾಪಸ್ಸು ಕಳಿಸಿದ್ದು ಸರಿಯಾಗಿಯೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ.

ಯಾವೊರ್ ಆ ಪೈಕಿಯವನಲ್ಲ. ಗಿಟಾರ್ ಹಿಡಿದರೆ ಸುಮಾರಾಗಿ ನುಡಿಸುತ್ತಿದ್ದ, ಆದರೆ ಅವನ ಗಂಟಲಿನಲ್ಲಿ ಬೇರೇನೋ ಇತ್ತು. ನಮ್ಮ ಹಳ್ಳಿಗಳ ಹಾಡಿಗೆ ಎರಡು ದನಿ ಬೇಕು. ಮೊದಲನೇ ದನಿ ಹಾಡನ್ನು ಎಳೆದುಕೊಂಡು ತಿರುಗುತ್ತದೆ. ಎರಡನೆಯದು ಕೆಳಗೆ ಒಂದೇ ಸ್ವರ ಹಿಡಿದು ಅಲುಗಾಡದೆ ನಿಲ್ಲುತ್ತದೆ. ನಿಲ್ಲುವುದೇನು ಮಹಾ ಎನ್ನುವವರು ಒಮ್ಮೆ ನಿಂತು ನೋಡಲಿ. ಎರಡೂ ದನಿ ತೀರಾ ಹತ್ತಿರದಲ್ಲಿ ಒಂದಕ್ಕೊಂದು ಉಜ್ಜಬೇಕು, ಕೂಡಿಬಿಡಬಾರದು. ಅವನ ಜತೆ ಹಾಡುತ್ತಿದ್ದ ಡೆನಿತ್ಸಾ ಮೊದಲನೇ ದನಿಯಲ್ಲಿ, ಯಾವೊರ್ ಎರಡನೆಯದರಲ್ಲಿ ಅವನ ಊರಿನ ಕೊಯ್ಲಿನ ಹಾಡೊಂದನ್ನು ಎತ್ತಿಕೊಂಡರೆ ನನ್ನ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಅಂಗೈ ಇಟ್ಟರೆ ಗೊತ್ತಾಗುತ್ತಿತ್ತು. ಹೊರಗೆ ಮೊಣಕಾಲೂರಿದವರು ಬಿಯರು ಕುಡಿಯುವುದನ್ನೇ ಮರೆಯುತ್ತಿದ್ದರು.

ಕಳೆದ ವರ್ಷ ಜೂನಿನಲ್ಲಿ ಯಾವೊರ್ ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿಯೊಂದು ಬಡಿಯಿತು. ಅವನು ಮನೆಗೂ ಬರಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ, ರಸ್ತೆಯಲ್ಲೇ ಮುಗಿದುಹೋದ.

ಅಲ್ಲಿಂದೀಚೆಗೆ ಡೆನಿತ್ಸಾ ಆ ಹಾಡನ್ನು ಮುಟ್ಟಿರಲಿಲ್ಲ. ವರ್ಷದ ದಿನ ಮಾತ್ರ ಅವನಿಗಾಗಿ ಅದನ್ನು ಹಾಡಲೇಬೇಕು ಎಂದು ಹಟ ಹಿಡಿದಳು. ಎರಡನೇ ದನಿ ಎಲ್ಲಿಂದ ತರುವುದು? ಸಂಗೀತ ಶಾಲೆಯ ಹುಡುಗಿಯರನ್ನು ಕರೆಸಿದೆವು. ಪಾಪ, ದನಿ ಬಹಳ ಚೆನ್ನಾಗಿತ್ತು, ಅದೇ ತೊಂದರೆಯಾಯಿತು, ಉಜ್ಜದೆ ನಯವಾಗಿ ಕೂಡಿಬಿಡುತ್ತಿತ್ತು. ಒಂದು ವಿದ್ಯುತ್ ಪಿಯಾನೊ ತಂದು ಒಂದೇ ಕೀಲಿ ಒತ್ತಿ ಹಿಡಿದೆವು, ಅದೂ ಸರಿಹೋಗಲಿಲ್ಲ. ಕೊನೆಗೆ ನಾನೇ ನಿಂತೆ. ಒಂದು ಸಾಲು ಮುಗಿಯುವ ಮೊದಲೇ ಡೆನಿತ್ಸಾ ಕೈಯೆತ್ತಿದಳು.

"ಲ್ಯುಬೆನ್ ಅಣ್ಣಾ, ತಪ್ಪು ತಿಳ್ಕೋಬೇಡ. ನಿನ್ ದನಿ ಕೇಳಿದ್ರೆ ನಮ್ಮನೆ ಹಳೇ ಫ್ರಿಜ್ ನೆನಪಾಗತ್ತೆ."

"ಫ್ರಿಜ್ಜು ಒಂದೇ ಸ್ವರದಲ್ಲೇ ಇರತ್ತಲ್ಲೇ?"

"ಇರತ್ತೆ ಕಣಣ್ಣಾ. ನೀನು ಅದೂ ಇರ್ತಿಲ್ಲ."

ಅವಳು ನಗುತ್ತಲೇ ಹೇಳಿದಳು, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳು. ನನಗೂ ಸಂಕಟವಾಯಿತು. ಗಂಟಲನ್ನು ಸಾಲ ತರುವುದಕ್ಕಾಗುವುದಿಲ್ಲವಲ್ಲ.

ಇದರ ನಡುವೆ ಬೊರಿಲ್ ತನ್ನ ಬುದ್ಧಿವಂತಿಕೆ ತೋರಿಸಿದ. ಬೊರಿಲ್ ನಮ್ಮ ಚಿತ್ರಗಾರ. ಒಳ್ಳೆಯವನು, ಆದರೆ ತಲೆಯಲ್ಲಿ ಒಂದು ಯೋಚನೆ ಹೊಕ್ಕರೆ ಅದನ್ನು ಹೊರಗೆ ತಳ್ಳುವವರು ಇನ್ನೂ ಹುಟ್ಟಿಲ್ಲ. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಕೂತು ಕಿಟಕಿಯಾಚೆ ಕಾಣುವ ಕಾಲುಗಳನ್ನೇ ಬಿಡಿಸಿದ್ದ. ಬೂಟು, ಚಪ್ಪಲಿ, ಹೆಂಗಸರ ಎತ್ತರದ ಹಿಮ್ಮಡಿ, ನಾಯಿಯ ಪಾದ, ಮೊಣಕಾಲೂರಿ ಕೊಳೆಯಾದ ಪ್ಯಾಂಟು. ಆ ಚಿತ್ರಗಳ ಪ್ರದರ್ಶನವೂ ಯಾವೊರ್‌ನ ನೆನಪಿನ ಹಾಡುಗಾರಿಕೆಯೂ ಒಂದೇ ಸಂಜೆ ಎಂದು ನಿಶ್ಚಯವಾಗಿತ್ತು. ಅದರ ಪೋಸ್ಟರನ್ನು ಬೊರಿಲ್ ಸಾವಿನ ಕಾಗದದ ಹಾಗೆ ಮಾಡಿಕೊಂಡು ಬಂದ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಕಟ್ಟಡದ ಬಾಗಿಲಿಗೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಕಪ್ಪಂಚಿನ ಕಾಗದ ಅಂಟಿಸುತ್ತಾರಲ್ಲ, ಆಮೇಲೆ ನಲವತ್ತನೇ ದಿನಕ್ಕೆ, ವರ್ಷಕ್ಕೆ ಮತ್ತೆ ಮತ್ತೆ, ಥೇಟ್ ಅದೇ. ನಡುವೆ ಯಾವೊರ್‌ನ ಫೋಟೊ, ಕೆಳಗೆ 'ಯಾವೊರ್ ಇಲ್ಲದೆ ಒಂದು ವರ್ಷ. ಸಂಜೆ ಏಳಕ್ಕೆ ಕೊಲ್ಯಾನೊದಲ್ಲಿ ಸೇರೋಣ.'

"ತಲೆ ಕೆಟ್ಟಿದ್ಯೇನೋ ನಿಂಗೆ?" ಅಂದೆ. "ಜನ ನಿಜವಾಗ್ಲೂ ತಿಥಿ ಅಂದ್ಕೋತಾರೆ."

"ಯಾರು ಅಂದ್ಕೋತಾರೆ? ಇದು ಕಲೆ ಅಂತ ನೋಡಿದ್ರೇ ಗೊತ್ತಾಗಲ್ವಾ?"

"ಅವರಮ್ಮ ನೋಡಿದ್ರೆ?"

"ಅವ್ರು ಊರಾಚೆ ಇರೋದು. ಈ ಕಡೆ ಯಾಕ್ ಬರ್ತಾರೆ?"

ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಟ್ರಾಮ್ ಹಾದಿಯುದ್ದಕ್ಕೂ ಅಂಟಿಸಿ ಬಂದ.

ಆ ದಿನ ಸಂಜೆ ಬೀದಿಯ ತುಂಬ ಲಿಂಡನ್ ಹೂವಿನ ವಾಸನೆ. ಇನ್ನೂ ಬಿಸಿಲಿತ್ತು. ನಾನು ತಂತಿಗಳನ್ನು ಜೋಡಿಸುತ್ತಿದ್ದಾಗ ಮೇಲಿನ ಮನೆಯ ಗ್ರೊಜ್ದಾನಾ ಅಜ್ಜಿ ಕಪ್ಪು ಬಟ್ಟೆ ಉಟ್ಟು ಮೆಟ್ಟಿಲು ಇಳಿದು ಬಂದಳು. ಸದ್ದು ಜಾಸ್ತಿಯಾಯಿತೆಂದು ಪೊರಕೆಯ ಹಿಡಿಯಿಂದ ನೆಲ ಕುಟ್ಟುವುದನ್ನು ಬಿಟ್ಟರೆ ಅವಳಿಗೂ ನಮಗೂ ಬೇರೆ ಸಂಬಂಧವಿರಲಿಲ್ಲ. ಈಗ ಕೈಯಲ್ಲಿ ದೊಡ್ಡ ತಟ್ಟೆ, ಅದರಲ್ಲಿ ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿಯಲ್ಲಿ ಬರೆದ ಶಿಲುಬೆ. ಹಿಂದೆ ಅವಳ ಸಂಗಡದ ಮುದುಕರ ದಂಡು. ಒಬ್ಬರ ಕೈಯಲ್ಲಿ ರೊಟ್ಟಿ, ಇನ್ನೊಬ್ಬರ ಕೈಯಲ್ಲಿ ಕೆಂಪು ವೈನು.

"ಮೇಣದಬತ್ತಿ ಎಲ್ಲಿ ಹಚ್ಚೋದು?" ಎಂದು ಕೇಳಿದಳು.

ಬೊರಿಲ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ಅಜ್ಜಿ, ಇದು ಚಿತ್ರ ಪ್ರದರ್ಶನ..." ಎಂದು ಅವನು ಶುರುಮಾಡಿದ.

"ಗೊತ್ತು ಬಿಡೋ. ಆ ಹುಡುಗ ನನ್ ತರಕಾರಿ ಚೀಲ ಮೆಟ್ಟಿಲು ಹತ್ತಿ ಮನೇವರ್ಗೂ ಹೊತ್ಕೊಂಡ್ ಬರ್ತಿದ್ದ. ಒಂದ್ ದಿನ ಇಲ್ಲ ಅಂದೋನಲ್ಲ. ನಿಮ್ ಗಲಾಟೆ ಹಾಳಾಗ್ಲಿ, ಅವನ ಹೆಸರಲ್ಲಿ ಒಂದ್ ಚಮಚ ಗೋಧಿ ತಿನ್ನೋಕೆ ಬರಬಾರ್ದಾ ನಾನು?"

ವಾದ್ಯದ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ತಟ್ಟೆ ಇಟ್ಟೆ. ಅಷ್ಟರಲ್ಲಿ ನಮ್ಮ ಹುಡುಗರೂ ಬರತೊಡಗಿದರು. ಮೂಗಿಗೆ ರಿಂಗು ಹಾಕಿದವರು, ತಲೆಗೆ ಹಸಿರು ಬಣ್ಣ ಬಳಿದವರು. ಮುದುಕಿಯರು ಸಾಲಾಗಿ ನಿಂತು ಅವರ ಕೈಗೆಲ್ಲ ಒಂದೊಂದು ಕಾಗದದ ಲೋಟ ಗೋಧಿ ತುರುಕಿದರು. ಹುಡುಗನೊಬ್ಬ ಅಭ್ಯಾಸಬಲದಿಂದ ಗೆಳೆಯನ ಬಾಟಲಿಗೆ ಬಾಟಲಿ ತಾಗಿಸಿದಾಗ ಗ್ರೊಜ್ದಾನಾ ಅಜ್ಜಿ ಅವನ ಕೈಗೆ ಪಟಾರನೆ ಹೊಡೆದಳು.

"ಸತ್ತೋನ ಹೆಸರಲ್ಲಿ ಕುಡೀವಾಗ ತಾಗಿಸ್ತಾರೇನೋ? ಮದುವೆ ಮನೆಗೆ ಬಂದಿದ್ಯಾ? ಮೊದ್ಲು ನೆಲಕ್ಕೆ ಒಂದ್ ಹನಿ ಹಾಕು. ದೇವ್ರು ಅವನನ್ನ ಕ್ಷಮಿಸ್ಲಿ ಅನ್ನು."

ಹುಡುಗ ನೆಲಕ್ಕೆ ಹನಿಸಿ, ದೇವರು ಅವನನ್ನು ಕ್ಷಮಿಸಲಿ ಅಂದ. ಬೊರಿಲ್‌ನ ಪೋಸ್ಟರು ತಪ್ಪು ಮಾಡಿ ಒಳ್ಳೆಯದನ್ನೇ ಮಾಡಿತು ಎಂದು ನನಗೆ ಆ ಕ್ಷಣ ಅನ್ನಿಸಿದ್ದು ಹೌದು. ಯಾವೊರ್ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಡೆನಿತ್ಸಾ ಮಾತ್ರ ಮೂಲೆಯಲ್ಲಿ ಬೆಳ್ಳಗೆ ಬಿಳಿಚಿಕೊಂಡು ನಿಂತಿದ್ದಳು. "ಅಣ್ಣಾ, ನನ್ನಿಂದಾಗಲ್ಲ. ಒಂಟಿ ದನೀಲಿ ಹಾಡಿದ್ರೆ ಅದು ಅರ್ಧ ಹಾಡು. ಎಲ್ರ ಮುಂದೆ ಅವನಿಲ್ಲ ಅಂತ ತೋರಿಸಿದ ಹಾಗಾಗತ್ತೆ ಅಷ್ಟೆ" ಅಂದಳು. ಬೇರೆ ಹಾಡು ಹಾಡು ಎಂದೆ. ಆಗದೆಂದು ತಲೆಯಾಡಿಸಿದಳು.

ಆಗಲೇ ಮೇಲೆ ಬೀದಿಯಲ್ಲಿ ಗದ್ದಲ ಕೇಳಿಸಿತು. ಕಿಟಕಿಯ ಬಳಿ ಮೊಣಕಾಲೂರಿದ್ದವರು ಎದ್ದು ದಾರಿ ಬಿಡುತ್ತಿದ್ದರು. ಯಾರೋ ಹೆಂಗಸು ಕೂಗುತ್ತಿದ್ದಳು. ನಾನು ಮೆಟ್ಟಿಲು ಹತ್ತಿ ಓಡಿದೆ.

ನೆವೆನಾ ಚಿಕ್ಕಮ್ಮ ನಿಂತಿದ್ದಳು. ಯಾವೊರ್‌ನ ತಾಯಿ. ಮಣ್ಣು ಮಾಡುವ ದಿನ ಒಮ್ಮೆ ನೋಡಿದ್ದೆ. ಅವತ್ತು ನಾನು ಕೈ ಚಾಚಿದರೆ ಮುಖ ತಿರುಗಿಸಿದ್ದಳು. ಈಗ ಅವಳ ಕೈಯಲ್ಲಿ ಕಂಬದಿಂದ ಕಿತ್ತು ತಂದ ಪೋಸ್ಟರು, ಹಿಂಬದಿಗೆ ಅಂಟು ಮೆತ್ತಿಕೊಂಡಿತ್ತು.

"ನೀನೇನಾ ಲ್ಯುಬೆನ್?"

"ಹೌದು ಚಿಕ್ಕಮ್ಮ. ಒಳಗೆ ಬನ್ನಿ..."

"ನಿನ್ ಬಿಲದೊಳಗೆ ನಾನ್ಯಾಕೆ ಬರ್ಲಿ? ನನ್ ಮಗನ ಸಾವಿನ ಕಾಗ್ದ ನಾನ್ ಅಂಟಿಸ್ಬೇಕು. ನೀವ್ಯಾರು? ಅವನನ್ನ ಹೆತ್ತೋರಾ, ಹೂತೋರಾ? ಬೆಳಿಗ್ಗೆ ಸ್ಮಶಾನದಲ್ಲಿ ಪಾದ್ರಿ ಕರ್ಸಿ ವರ್ಷ ಮುಗಿಸ್ಕೊಂಡು ಸೂತಕದ ಕಪ್ಪು ಬಟ್ಟೆ ತೆಗೆದು ಬಂದಿದೀನಿ. ಟ್ರಾಮ್ ಇಳೀತೀನಿ, ಕಂಬದ ಮೇಲೆ ನನ್ ಮಗ!"

ಬೊರಿಲ್ ಪರವಾಗಿ ನಾನು ಕ್ಷಮೆ ಕೇಳಿದೆ. ಅವಳ ಕೋಪ ಅದಕ್ಕೆ ಇಳಿಯುವಂಥದ್ದಲ್ಲ. ನನಗೇ ಅವಳ ಮಾತು ಸರಿ ಎನ್ನಿಸುತ್ತಿತ್ತು, ಇನ್ನೇನು ವಾದ ಮಾಡಲಿ.

"ಕಾಗ್ದ ಹಾಳಾಗ್ಲಿ" ಅಂದಳು. "ಆ ಹಾಡು ಇವತ್ತು ಹಾಡ್ತೀರಾ? ಹಾಡಕೂಡ್ದು. ಅದು ನಮ್ಮನೆ ಹಾಡು. ನಾನು, ನನ್ನಕ್ಕ ಸೇರಿ ಹಾಡ್ತಿದ್ವಿ. ನಾನು ಮೊದಲ್ನೇ ದನಿ, ಅವಳು ಎರಡ್ನೇದು. ಅವಳು ಸತ್ಮೇಲೆ ನಂಗ್ಯಾರೂ ಇರ್ಲಿಲ್ಲ. ಇವನಿಗೆ ಕಲಿಸ್ದೆ. ಗಂಡು ಮಗು, ಹೆಂಗಸರ ಹಾಡು ಅಂತ ಬೀದಿ ಹುಡುಗ್ರು ಅಣಕಿಸೋರು. ಆದ್ರೂ ನನ್ ಜತೆ ಅಡುಗೆಮನೇಲಿ ನಿಂತು, ಸುಟ್ಟ ದಪ್ಪ ಮೆಣಸಿನಕಾಯಿ ಸಿಪ್ಪೆ ಸುಲೀತಾ ಎರಡ್ನೇ ದನಿ ಹಿಡೀತಿದ್ದ. ಅಂಥದನ್ನ ತಗೊಂಡೋಗಿ ಬೀದೀಲಿ ಬಿಯರ್ ಕುಡಿಯೋರ ಮುಂದೆ ಹಾಕ್ದ. ಇನ್ಯಾವಳ್ದೋ ದನಿ ಕೆಳಗೆ ನಿಂತ. ನಮ್ಮನೇಲಿ ಇನ್ಮೇಲೆ ಆ ಹಾಡು ಎತ್ಬೇಡ ಅಂದೆ. ಅವನು ಎತ್ಲಿಲ್ಲ. ಆಮೇಲೆ ಮಾತೂ ಕಮ್ಮಿ ಆಯ್ತು."



ಕೆಳಗಿನ ಕಿಟಕಿ ತೆರೆದೇ ಇತ್ತು. ಡೆನಿತ್ಸಾ ಎಲ್ಲವನ್ನೂ ಕೇಳಿಸಿಕೊಂಡು ಕುರ್ಚಿ ಹತ್ತಿ ಕಿಟಕಿಯ ಹತ್ತಿರ ಬಂದಿದ್ದಳು. ಅವಳ ಮುಖ ನೆವೆನಾ ಚಿಕ್ಕಮ್ಮನ ಪಾದದ ಮಟ್ಟದಲ್ಲಿತ್ತು.

"ಆ ಯಾವಳೋ ನಾನೇ, ಚಿಕ್ಕಮ್ಮ" ಅಂದಳು. "ನೀವು ಬೇಡ ಅಂದ್ರೆ ಹಾಡಲ್ಲ. ಹೇಗಿದ್ರೂ ನಂಗೂ ಆಗ್ತಿಲ್ಲ. ನಂಗೂ ಎರಡ್ನೇ ದನಿ ಇಲ್ಲ ಈಗ."

ನೆವೆನಾ ಚಿಕ್ಕಮ್ಮ ಬಗ್ಗಿ ನೋಡಲಿಲ್ಲ. ಹೊರಡಲೂ ಇಲ್ಲ.

ಅಷ್ಟರಲ್ಲಿ ಒಳಗಿನಿಂದ ಬೊರಿಲ್ ಕಿರುಚಿದ. "ಲ್ಯುಬೆನ್! ಷೂ ನೋಡೋ! ಅವ್ರ ಷೂ ನೋಡು!"

ಇವನಿಗೆ ಈಗ ಯಾವ ದೆವ್ವ ಹಿಡಿಯಿತು ಎಂದುಕೊಂಡೆ. ಆದರೂ ನೋಡಿದೆ. ಕಂದು ಬಣ್ಣದ ಹಳೆಯ ಷೂ, ಮೇಲೆ ಪಟ್ಟಿ. ಎಡಗಾಲಿನದಕ್ಕೆ ಬಕಲ್ ಇತ್ತು. ಬಲಗಾಲಿನದು ಕಿತ್ತುಹೋಗಿ ಅದರ ಜಾಗದಲ್ಲಿ ಕೋಟಿನ ದೊಡ್ಡ ಬಿಳಿ ಗುಂಡಿ ಹೊಲಿದಿತ್ತು.

ಆ ಷೂ ನನಗೆ ಗೊತ್ತು. ನಮ್ಮೆಲ್ಲರಿಗೂ ಗೊತ್ತು. ಯಾವೊರ್ ಇದ್ದಾಗ ಅವು ಎಷ್ಟೋ ಸಂಜೆ ಕಿಟಕಿಯ ಪಕ್ಕ ಬಂದು ನಿಲ್ಲುತ್ತಿದ್ದವು. ಬೇರೆಯವರ ಹಾಗೆ ಬಗ್ಗುತ್ತಿರಲಿಲ್ಲ, ಮೊಣಕಾಲೂರುತ್ತಿರಲಿಲ್ಲ. ಸುಮ್ಮನೆ ನಿಂತು, ಹಾಡು ಮುಗಿದ ಕೂಡಲೇ ಹೊರಟುಹೋಗುತ್ತಿದ್ದವು. ನಗರಸಭೆಯಿಂದ ನಮ್ಮ ಮೇಲೆ ಕಣ್ಣಿಡಲು ಯಾರನ್ನೋ ಕಳಿಸುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. 'ಇನ್‌ಸ್ಪೆಕ್ಟರ್' ಎಂದೇ ಹೆಸರಿಟ್ಟಿದ್ದೆವು. ಈ ಒಂದು ವರ್ಷ ಅವು ಕಾಣಿಸಿರಲಿಲ್ಲ, ನಮಗೂ ಅದರ ಮೇಲೆ ಗಮನವಿರಲಿಲ್ಲ.

ಬೊರಿಲ್ ಗೋಡೆಯಿಂದ ಚಿತ್ರವೊಂದನ್ನು ಕಿತ್ತುಕೊಂಡು ಕಿಟಕಿಗೆ ತಂದು ಎತ್ತಿ ಹಿಡಿದ. ಸಂಜೆಯ ಬೆಳಕಿನ ಕಾಲುಹಾದಿ, ಅದರ ಮೇಲೆ ಅದೇ ಕಂದು ಷೂ, ಅದೇ ಬಿಳಿ ಗುಂಡಿ. ಒಂದು ಹಿಮ್ಮಡಿ ಸ್ವಲ್ಪ ಮೇಲೆದ್ದಿತ್ತು, ಕಿಟಕಿಯ ಕಡೆಗೆ ವಾಲಿದವರ ಕಾಲು ಹಾಗಿರುತ್ತದೆ.

ನೆವೆನಾ ಚಿಕ್ಕಮ್ಮ ತನ್ನ ಕಾಲು ನೋಡಿಕೊಂಡಳು, ಚಿತ್ರ ನೋಡಿದಳು. ಕದ್ದು ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಕೆಂಪಾಯಿತು.

"ಈ ಕಡೆ ಕೆಲ್ಸ ಇರ್ತಿತ್ತು" ಅಂದಳು. "ಹೋಗ್ತಾ ನಿಲ್ತಿದ್ದೆ ಅಷ್ಟೆ."

"ಹೂಂ ಚಿಕ್ಕಮ್ಮ" ಅಂದೆ. ಈ ಬೀದಿಯಲ್ಲಿ ಒಂದು ಬೀಗದ ಅಂಗಡಿ ಬಿಟ್ಟರೆ ಕೆಲಸವಿರುವಂಥದ್ದು ಏನೂ ಇಲ್ಲ.

ಆಮೇಲೆ ಇನ್ನೊಂದು ಸಂಗತಿ ನನ್ನ ತಲೆಗೆ ಹೊಳೆಯಿತು. ಹೊಳೆದದ್ದೇ ನಾನೇ ಕಾಲುಹಾದಿಯ ಮೇಲೆ ಕೂತು ಕಿಟಕಿಗೆ ಬಗ್ಗಿದೆ. ಹಾಡುಗಳ ಸರದಿಯನ್ನು ಯಾವಾಗಲೂ ಡೆನಿತ್ಸಾ ನಿಶ್ಚಯಿಸುತ್ತಿದ್ದಳು. ಕೊಯ್ಲಿನ ಹಾಡು ಕೊನೆಗೆ ಎಂದು ಮಾತು. ಆದರೆ ಕೆಲವು ಸಂಜೆ ಯಾವೊರ್ ಇದ್ದಕ್ಕಿದ್ದಂತೆ ಗಿಟಾರ್ ಕೆಳಗಿಟ್ಟು, "ಈಗ್ಲೇ ಅದನ್ನ ಹಾಡೋಣ" ಎನ್ನುತ್ತಿದ್ದ. ಹಾಗೆ ಅಂದಾಗಲೆಲ್ಲ ಮೈಕು ಬಿಟ್ಟು ಕಿಟಕಿಯ ಕೆಳಗೆ ಹೋಗಿ ನಿಲ್ಲುತ್ತಿದ್ದ. ಮೈಕು ಬಿಟ್ಟು ಹೋದರೆ ನಾನು ಸದ್ದು ಹೇಗೆ ಸರಿಮಾಡಲಿ ಎಂದು ಎಷ್ಟು ಸಲ ಬೈದಿದ್ದೇನೆ. ನಗುತ್ತಿದ್ದ, ಮುಂದಿನ ಸಲ ಮತ್ತೆ ಅಲ್ಲೇ ಹೋಗಿ ನಿಲ್ಲುತ್ತಿದ್ದ.

"ಡೆನಿತ್ಸಾ," ಎಂದು ಕಿಟಕಿಯೊಳಗೆ ಕೇಳಿದೆ. "ಅವನು ಸರದಿ ತಪ್ಪಿಸಿ ಹಾಡ್ತಿದ್ದನಲ್ಲ, ಯಾವಾಗ?"

ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. "ಇನ್‌ಸ್ಪೆಕ್ಟರ್ ಬಂದಾಗ" ಅಂದಳು.

"ಏನದು?" ಎಂದಳು ನೆವೆನಾ ಚಿಕ್ಕಮ್ಮ. "ಏನ್ ಮಾತಾಡ್ತಿದೀರಿ ನೀವು?"

"ನೀವು ಬಂದು ನಿಂತ ಕೂಡ್ಲೇ ಅವನು ಆ ಹಾಡು ಎತ್ಕೋತಿದ್ದ, ಚಿಕ್ಕಮ್ಮ" ಅಂದೆ. "ಇಲ್ಲಿ, ಈ ಕಿಟಕಿ ಕೆಳಗೇ ಬಂದು ನಿಂತು ಹಾಡ್ತಿದ್ದ. ನಾವು ಪೆದ್ದರು, ನಮಗೆ ಅರ್ಥ ಆಗಿರ್ಲಿಲ್ಲ. ಆ ಗುಂಡಿ ಅವನಿಗೆ ಗೊತ್ತಿರ್ಲಿಲ್ವಾ?"

ಅವಳು ಬಲಗಾಲನ್ನು ಸ್ವಲ್ಪ ಮುಂದಿಟ್ಟು ಆ ಗುಂಡಿಯನ್ನೇ ನೋಡಿದಳು.

"ಗುಂಡಿ ಅವನೇ ಹೊಲಿದಿದ್ದು" ಅಂದಳು ಕೊನೆಗೆ. "ಬಿಳೀದು ಬೇಡ ಕಣೋ ಅಂದ್ರೂ ಬಿಳೀದೇ ಹಾಕ್ದ."

ಪೋಸ್ಟರನ್ನು ಮಡಿಸಿದಳು. ಅದನ್ನು ಎಸೆಯುತ್ತಾಳೆ ಎಂದುಕೊಂಡೆ. ಎಸೆಯದೆ ಕೈಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದು, ಇನ್ನೊಂದರಲ್ಲಿ ಗೋಡೆ ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ನಿಧಾನವಾಗಿ ನೆಲಕ್ಕೂರಿದಳು. ಇಷ್ಟು ಸಲ ಬಂದರೂ ಬಗ್ಗದವಳು ಈಗ ಕಿಟಕಿಯೊಳಗೆ ತಲೆ ಹಾಕಿ ನೋಡಿದಳು. ಸುಣ್ಣದ ಗೋಡೆ, ಕಾಲುಗಳ ಚಿತ್ರಗಳು, ಗೋಧಿಯ ಲೋಟ ಹಿಡಿದ ಹಸಿರು ತಲೆಯ ಹುಡುಗರು, ಮೇಣದಬತ್ತಿ ಹಿಡಿದ ಮುದುಕಿಯರು.

"ಎಲ್ಲಿ ನಿಲ್ತಿದ್ದ?"

ಡೆನಿತ್ಸಾ ಕುರ್ಚಿಯಿಂದ ಇಳಿದು ತೋರಿಸಿದಳು. ಕಿಟಕಿಗೆ ಎಷ್ಟು ಹತ್ತಿರವೆಂದರೆ ಅಲ್ಲಿ ನಿಂತವನ ತಲೆಯನ್ನು ಹೊರಗಿನಿಂದ ಕೈಚಾಚಿ ಸವರಬಹುದಿತ್ತು. ನೆವೆನಾ ಚಿಕ್ಕಮ್ಮನ ಕೈ ಮುಂದಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ಹಿಂದಕ್ಕೆ ಬಂತು.

"ಹಾಡು" ಅಂದಳು.

"ಚಿಕ್ಕಮ್ಮ, ನೀವ್ ಹಾಡಿ. ನಿಮ್ಮ ಹಾಡು. ನಾನು..."

"ಸಾವಾದ ಮನೇಲಿ ವರ್ಷ ತುಂಬೋವರೆಗೂ ಹಾಡಬಾರ್ದು, ನಾನು ಬಾಯಿ ಬಿಟ್ಟಿಲ್ಲ ಹುಡುಗಿ. ಇವತ್ತು ಬೆಳಿಗ್ಗೆಗೆ ಮುಗೀತು. ನೀನು ಮೊದಲ್ನೇದು ಎತ್ಕೋ."

"ಎರಡ್ನೇ ದನಿ?"

"ಎತ್ಕೋ ಅಂದ್ನಲ್ಲ. ಎಷ್ಟ್ ಮಾತಾಡ್ತೀಯೇ ನೀನು!"

ಡೆನಿತ್ಸಾ ಕಣ್ಣು ಮುಚ್ಚಿ ಎತ್ತಿಕೊಂಡಳು. ಮೊದಲ ಸಾಲು ಒಂಟಿಯಾಗಿ, ತೆಳ್ಳಗೆ ಬಂತು. ಹೊಲದ ತುದಿಯಲ್ಲಿ ನಿಂತು ಇನ್ನೊಬ್ಬಳನ್ನು ಕರೆಯುವ ಸಾಲು ಅದು. ಎರಡನೇ ಸಾಲಿಗೆ ಬರುವಾಗ ನನ್ನ ಪಕ್ಕದಿಂದ, ನೆಲದ ಮಟ್ಟದಿಂದ, ಒರಟಾದ ಒಂದು ಸ್ವರ ಎದ್ದಿತು. ಶುರುವಿನಲ್ಲಿ ಅದು ತಡವರಿಸಿತು. ಮೇಲಕ್ಕೆ ಹೋಗಲು ಎಳೆಯಿತು, ಅಭ್ಯಾಸ ಅವಳದು ಮೇಲಿನದೇ ತಾನೆ. ಜೀವಮಾನವೆಲ್ಲ ಮೊದಲನೇ ದನಿ ಹಾಡಿದವಳು, ಕೆಳಗೆ ಅಕ್ಕನೋ ಮಗನೋ ನಿಂತಿರುತ್ತಿದ್ದರು. ಅವಳು ಗೋಡೆಗೆ ಕೈ ಕೊಟ್ಟು, ಹಲ್ಲು ಕಚ್ಚಿ, ಸ್ವರವನ್ನು ಕೆಳಗೆ ತಂದಳು. ಯಾವೊರ್ ಹಿಡಿಯುತ್ತಿದ್ದ ಜಾಗಕ್ಕೇ ತಂದು ಅಲ್ಲಿ ನಿಂತಳು.

ನಾನು ಕಿಟಕಿಯ ಗಾಜಿನ ಮೇಲೆ ಅಂಗೈ ಇಟ್ಟೆ. ಅದು ನಡುಗುತ್ತಿತ್ತು.